ಬಿಸಿಲಕ್ಕನ ಗೆರೆ

ನನ್ನ ಚಿಕ್ಕಮ್ಮ ಚಿತ್ರ ಬರೆಯುತ್ತಿದ್ದ ಕೋಣೆಯ ಬಾಗಿಲಿಗೆ ಒಳಚಿಲಕ ಇರಲಿಲ್ಲ. ಅದಿದ್ದ ಜಾಗದ ತೂತುಗಳಿಗೆ ಚಿಕ್ಕಪ್ಪ ಮೇಣ ತುಂಬಿ, ಮೇಲೆ ಹಸಿರು ಬಳಿದಿದ್ದರು. ಆ ಹಸಿರು, ಬಾಗಿಲಿನ ಹಸಿರಿಗೆ ಹೊಂದಿರಲಿಲ್ಲ. ಚಿಲಕ ಹೋದದ್ದನ್ನು ಚಿಕ್ಕಮ್ಮ ಹೇಗೋ ನುಂಗಿಕೊಂಡಳು. ಹೊಂದದ ಹಸಿರನ್ನು ಮಾತ್ರ ಎಂದೂ ಕ್ಷಮಿಸಲಿಲ್ಲ.

ಬಣ್ಣ ಹೊಂದಿಸುವುದೇ ಅವಳ ಕಸುಬಾಗಿತ್ತು. ಮದುವೆಗೆ ಮುಂಚಿನಿಂದಲೂ ಅವಳು ದಾರ, ಗುಂಡಿ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ದರ್ಜಿಗಳು ಬಟ್ಟೆಯ ತುಂಡನ್ನು ತಂದು ಕೊಟ್ಟರೆ ಅಂಗಡಿಯ ದೀಪದಲ್ಲಿ ಅದನ್ನು ನೋಡುತ್ತಲೇ ಇರಲಿಲ್ಲ. ಹೊಸ್ತಿಲಿಗೆ ಬಂದು ಬಿಸಿಲಿಗೆ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಒಳಗೆ ಹೋಗಿ ಗೋಡೆ ತುಂಬಾ ಇದ್ದ ದಾರದ ಉಂಡೆಗಳಲ್ಲಿ ಒಂದನ್ನು ಎಳೆದು ಕೊಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಬಿಸಿಲಕ್ಕ ಅನ್ನುತ್ತಿದ್ದರು. ಅವಳಿಗಿಂತ ಇಮ್ಮಡಿ ವಯಸ್ಸಿನವರೂ ಹಾಗೇ ಕರೆಯುತ್ತಿದ್ದರು.

ಚಿಕ್ಕಪ್ಪ ಆ ಅಂಗಡಿಯ ಗಿರಾಕಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಕಪ್ಪು, ಬಿಳಿ, ಬೂದು ಬಿಟ್ಟರೆ ಅವರ ಗಿರಾಕಿಗಳು ಬೇರೆ ಬಣ್ಣದ ಬಟ್ಟೆ ತಂದದ್ದೇ ಕಡಿಮೆ. ಆದರೂ ಅವರು ವಾರಕ್ಕೆ ಎರಡು ಸಲ ನೇರಳೆ, ಕಿತ್ತಳೆ, ಗಿಳಿಹಸಿರು ದಾರ ಕೊಂಡು ತರುತ್ತಿದ್ದರು. ಅವರಮ್ಮ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ಒಂದು ದಿನ ಕಪಾಟು ತೆರೆದು ನೋಡಿ, ಇಷ್ಟೊಂದು ನೇರಳೆ ದಾರ ಯಾವ ಮಹಾರಾಜನ ಪ್ಯಾಂಟಿಗೆ ಎಂದು ಕೇಳಿದರಂತೆ. ಮಗ ತಲೆ ಎತ್ತಲಿಲ್ಲವಂತೆ. ಹುಡುಗಿ ಯಾರೆಂದು ಅಜ್ಜಿ ಮರುದಿನವೇ ಪತ್ತೆ ಹಚ್ಚಿದರು.

ಕಾಯಿಲೆಯ ವಿಷಯವನ್ನು ಚಿಕ್ಕಮ್ಮ ತಾನೇ ಹೇಳಿದ್ದಳು. ದಾರದ ಪೊಟ್ಟಣ ಕಟ್ಟುತ್ತಾ, ಚಿಕ್ಕಪ್ಪನ ಮುಖ ನೋಡದೆ, ತನಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತದೆ ಅಂದಳು.

"ಎಷ್ಟು ಹೊತ್ತಿರುತ್ತೆ?" ಎಂದು ಕೇಳಿದರು ಚಿಕ್ಕಪ್ಪ.

"ಒಂದೆರಡು ನಿಮಿಷ."

"ಅಷ್ಟೇನಾ? ನಮ್ಮಮ್ಮನಿಗೆ ಸಿಟ್ಟು ಬಂದ್ರೆ ಎರಡು ದಿನ ಇರುತ್ತೆ."

ಈ ಮಾತನ್ನು ಅಜ್ಜಿಯೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಮೂರ್ಛೆ ಎಂಬ ಮಾತನ್ನು ಆ ಮನೆಯಲ್ಲಿ ಬಳಸುತ್ತಿರಲಿಲ್ಲ. "ಹೋಗಿ ಬಂದೆ" ಅನ್ನುತ್ತಿದ್ದಳು ಚಿಕ್ಕಮ್ಮ, ಪಕ್ಕದ ಬೀದಿಗೆ ಹೋಗಿ ಬಂದವಳಂತೆ. ಹೆಚ್ಚಿನ ಸಲ ಅವಳು ಬೀಳುತ್ತಿರಲಿಲ್ಲ. ನಿಂತಲ್ಲೇ ನಿಂತು, ಕಣ್ಣು ತೆರೆದುಕೊಂಡೇ ಇಲ್ಲವಾಗುತ್ತಿದ್ದಳು. ತುಟಿ ಏನನ್ನೋ ಅಗಿಯುತ್ತಿದ್ದಂತೆ ಸಣ್ಣಗೆ ಆಡುತ್ತಿತ್ತು, ಅಷ್ಟೆ. ಆದರೆ ಆಗೊಮ್ಮೆ ಈಗೊಮ್ಮೆ ಆ ಸಣ್ಣದು ದೊಡ್ಡದಾಗಿ, ಕಡಿದ ಕೊಂಬೆಯಂತೆ ಬಿದ್ದುಬಿಡುತ್ತಿದ್ದಳು. ಹಾಗೆ ಒಮ್ಮೆ ಅಂಗಡಿಯ ಗಾಜಿನ ಮೇಜಿನ ಮೇಲೆ ಬಿದ್ದಳು. ಇನ್ನೊಮ್ಮೆ ಮನೆಯಲ್ಲಿ, ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ಮೊಣಕೈ ಊರಿ. ಆ ಗುರುತು ಅವಳ ಕೈಮೇಲೆ ಸಣ್ಣ ದೋಣಿಯ ಆಕಾರದಲ್ಲಿ ಉಳಿಯಿತು. ಅಂಗಡಿಯ ಯಜಮಾನ ಒಳ್ಳೆಯ ಮಾತಾಡಿಯೇ ಅವಳನ್ನು ಕೆಲಸದಿಂದ ಬಿಡಿಸಿದ. ಹೊರಡುವಾಗ, ಮಾರಾಟವಾಗದೆ ಉಳಿದ ದಾರಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಕೊಟ್ಟ.

ಚಿತ್ರ ಶುರುವಾದದ್ದು ಆ ಪೆಟ್ಟಿಗೆಯಿಂದ. ಮೊದಮೊದಲು ಕಾಗದಕ್ಕೆ ಅಂಟು ಬಳಿದು ಅದರ ಮೇಲೆ ದಾರಗಳನ್ನು ಎಳೆದೆಳೆದು ಕೂರಿಸುತ್ತಿದ್ದಳು. ದಾರ ಮುಗಿದ ಮೇಲೆ ಬಣ್ಣ, ಚಪ್ಪಟೆ ಕುಂಚ ಬಂದವು. ಬಟ್ಟೆಯ ಥಾನುಗಳನ್ನು ಪೇರಿಸಿಡುತ್ತಿದ್ದ ಹಿಂದಿನ ಕೋಣೆ ಅವಳದಾಯಿತು. ಅಲ್ಲಿ ಒಂದು ಎತ್ತರದ ಕಿಟಕಿ, ಒಂದು ಮೇಜು, ನೀರಿನ ಸ್ಟೀಲ್ ಲೋಟ. ಕೂರುವುದಕ್ಕೆ ಏನೂ ಇಲ್ಲ. ಅವಳು ನಿಂತೇ ಬರೆಯುತ್ತಿದ್ದಳು.

ಆ ಚಿತ್ರಗಳಲ್ಲಿ ಮನುಷ್ಯರಿರಲಿಲ್ಲ, ಮನೆಯಿರಲಿಲ್ಲ, ಮರವಿರಲಿಲ್ಲ. ತೆಳುವಾದ ಬಣ್ಣಗಳು ಒಂದರ ಮೇಲೊಂದು ಹರಡಿಕೊಂಡಿರುತ್ತಿದ್ದವು, ಒದ್ದೆ ಗೋಡೆ ಅಲ್ಲಲ್ಲಿ ಒಣಗುತ್ತಾ ಬಂದ ಹಾಗೆ. ಅವುಗಳ ಮೇಲೆ ಎಡದಿಂದ ಬಲಕ್ಕೆ ಗೆರೆಗಳು. ಇದೇನು ಅಂತ ಹೇಳಿದರೆ ತಾನೂ ನೋಡುತ್ತೇನೆ ಎನ್ನುತ್ತಿದ್ದರು ಅಜ್ಜಿ. ಏನೂ ಅಲ್ಲ ಅತ್ತೆ, ನೋಡಿ ಅಂದರೆ, ಏನೂ ಅಲ್ಲದ್ದನ್ನು ನೋಡುವುದಕ್ಕೆ ಕನ್ನಡಕ ಯಾಕೆ ಹಾಕಿಕೊಳ್ಳಲಿ ಎಂದು ಎದ್ದು ಹೋಗುತ್ತಿದ್ದರು.

ನನಗೆ ಮಾತ್ರ ಒಂದು ಸಲ ಹೇಳಿದ್ದಳು. ಹೋಗುವ ಮುಂಚೆ ಅವಳಿಗೊಂದು ಬಣ್ಣ ಕಾಣುತ್ತಿತ್ತಂತೆ. ಎಡಗಣ್ಣಿನ ಅಂಚಿನಲ್ಲಿ ಶುರುವಾಗಿ, ಬಟ್ಟೆಗೆ ಎಣ್ಣೆ ಹರಡುವ ಹಾಗೆ ಒಳಗೆ ಬರುವ ಬಣ್ಣ. ಹಳದಿ ಅಲ್ಲ, ಹಸಿರೂ ಅಲ್ಲ. ಪೆಟ್ಟು ಬಿದ್ದ ಜಾಗ ವಾಸಿಯಾಗುವಾಗ ಸುತ್ತ ಕಾಣುತ್ತದಲ್ಲ, ಹತ್ತಿರ ಹತ್ತಿರ ಅಂಥದ್ದು. ಅಂಗಡಿಯ ಗೋಡೆಯಲ್ಲಿ ಆ ಬಣ್ಣದ ದಾರ ಇರಲಿಲ್ಲ. ಕೊಳೆಯಲ್ಲೂ ಹೂವಲ್ಲೂ ಹುಡುಕಿದ್ದಳು, ಸಿಕ್ಕಿರಲಿಲ್ಲ. ಕಾಗದದ ಮೇಲೆ ಕಲಸಿದರೆ, ಒದ್ದೆಯಿರುವಾಗ ಅದೇ ಅನಿಸುತ್ತಿತ್ತು. ಒಣಗಿದ ಮೇಲೆ ಬರೀ ಹಳದಿ.

ಅವಳಿಗೆ ಬಾಗಿಲು ಮುಚ್ಚಿರಬೇಕಿತ್ತು. ಯಾರಾದರೂ ನೋಡುತ್ತಿದ್ದರೆ ಗೆರೆ ಸಾಯುತ್ತದೆ ಎನ್ನುತ್ತಿದ್ದಳು. ಮನೆಯವರಿಗೆ ಬಾಗಿಲು ತೆರೆದಿರಬೇಕಿತ್ತು. ಇಸ್ತ್ರಿಪೆಟ್ಟಿಗೆಯ ಆ ದಿನ ಬಾಗಿಲು ಒಡೆದು ಒಳಹೋಗಬೇಕಾಗಿದ್ದರೆ ಏನು ಗತಿ ಎಂಬುದು ಚಿಕ್ಕಪ್ಪನ ತಲೆಯಿಂದ ಹೋಗಲೇ ಇಲ್ಲ. ಕಡೆಗೆ ಒಪ್ಪಂದವಾಯಿತು. ಚಿಲಕ ಬೇಡ, ಬಾಗಿಲು ಮುಚ್ಚಿರಲಿ, ಆದರೆ ಒಳಗಿನಿಂದ ಸದ್ದು ಬರುತ್ತಿರಬೇಕು. ಒಂದೆರಡು ಗೆರೆಗೊಮ್ಮೆ ಕುಂಚವನ್ನು ನೀರಿಗೆ ಅದ್ದಿ ಲೋಟದ ಅಂಚಿಗೆ ತಟ್ಟುವುದು ಅವಳ ಅಭ್ಯಾಸ. ಆ ಟಿಣ್ ಎಂಬ ಸದ್ದು ಮುಂದಿನ ಕೋಣೆಗೆ ಕೇಳುತ್ತಿತ್ತು. ಅದು ಕೇಳುವಷ್ಟು ಕಾಲ ಯಾರೂ ಒಳಗೆ ಬರಬಾರದು. ನಿಂತರೆ ಬರಬಹುದು.

ಕಾಲೇಜು ಓದಲೆಂದು ನಾನು ಆ ಮನೆಯಲ್ಲಿ ಉಳಿದ ವರ್ಷಗಳಲ್ಲಿ ಆ ಸದ್ದಿಗೆ ನನ್ನ ಕಿವಿಯೂ ಹೊಂದಿಕೊಂಡಿತ್ತು. ಚಿಕ್ಕಪ್ಪ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ಟಿಣ್. ಮತ್ತೆ ಹೊಲಿಯುತ್ತಿದ್ದರು. ಅಳತೆ ಕೊಡಲು ಬಂದ ಗಿರಾಕಿಗಳೂ ಮಾತು ನಿಲ್ಲಿಸಿ ಆ ಸದ್ದಿಗೆ ಕಾಯುವುದನ್ನು ಕಲಿತಿದ್ದರು.

ದೊಡ್ಡ ಬೀದಿಯಲ್ಲಿ ಚೌಕಟ್ಟು ಹಾಕುವವನೊಬ್ಬನಿದ್ದ. ಅವನು ಅವಳ ಒಂದು ಚಿತ್ರಕ್ಕೆ ತಾನಾಗಿಯೇ ಕಟ್ಟು ಹಾಕಿ ಅಂಗಡಿಯ ಕಿಟಕಿಯಲ್ಲಿಟ್ಟ. ಯಾರೋ ಕೊಂಡರು. ಆಮೇಲೆ ಇನ್ನೊಬ್ಬರು. ವರ್ಷಕ್ಕೆ ಐದಾರು ಚಿತ್ರಗಳು ಹೀಗೆ ಮನೆಬಿಟ್ಟು ಹೋಗತೊಡಗಿದವು. ಒಮ್ಮೆ ನಾನೂ ಚಿಕ್ಕಮ್ಮನೂ ಹೊಸ ಚಿತ್ರ ಕೊಡಲು ಹೋಗಿದ್ದಾಗ ಅವನು ಅದನ್ನು ಗೋಡೆಗೆ ಒರಗಿಸಿ, ಹಿಂದೆ ಸರಿದು ನೋಡಿ, ಇದರಲ್ಲಿ ಅದಿಲ್ಲವಲ್ಲ ಅಂದ. ಯಾವುದು ಎಂದು ಚಿಕ್ಕಮ್ಮ ಕೇಳಿದಳು. ಅವನು ಒಳಗಿನಿಂದ ಹಳೆಯದೊಂದನ್ನು ತಂದು ತೋರಿಸಿದ.

"ಈ ಗೆರೆ ನೋಡಿ ಅಕ್ಕ. ನೆಟ್ಟಗೆ ಬರುತ್ತೆ, ಬರುತ್ತೆ, ಇಲ್ಲಿ ಬಂದು ಯಾರೋ ಕರೆದ ಹಾಗೆ ಮೇಲಕ್ಕೆ ತಿರುಗುತ್ತೆ. ಜನ ನಿಂತು ನೋಡೋದು ಇದನ್ನೇ. ಇದಿಲ್ದೇ ಇರೋದನ್ನ ಯಾರೂ ಕೇಳೋದಿಲ್ಲ."

ನಿಜ. ಬಲಗಡೆಯ ಅಂಚಿನ ಹತ್ತಿರ ಗೆರೆ ತಲೆಯೆತ್ತಿ, ಬಹಳ ಸಣ್ಣಗೆ ನಡುಗಿ, ಅಲ್ಲೇ ಮಾಯವಾಗಿತ್ತು. ಅವಳ ಬೇರೆ ಗೆರೆಗಳೆಲ್ಲ ಹೊಲಿಗೆಯಂತೆ ಮರ್ಯಾದೆಯಿಂದ ಹೋಗಿ ಅಂಚು ಮುಟ್ಟುತ್ತಿದ್ದವು. ಇದೊಂದು ಮಾತ್ರ ಬೇರೆಯವರ ಮನೆಯ ಮಗುವಿನಂತೆ ನಡುವೆ ನಿಂತಿತ್ತು. ಚಿಕ್ಕಮ್ಮ ಬಹಳ ಹೊತ್ತು ನೋಡಿದಳು. ಮನೆಗೆ ಬಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಾ, ಅದನ್ನು ಎಳೆದದ್ದು ತನಗೆ ನೆನಪಿಲ್ಲ ಎಂದು ಮೆಲ್ಲಗೆ ಹೇಳಿದಳು. ಬರೆಯುವಾಗ ಯಾರಿಗೆ ಎಲ್ಲ ನೆನಪಿರುತ್ತದೆ ಎಂದು ನಾನು ಅಂದೆ.

ಆ ಗೆರೆ ಯಾರದೆಂದು ಗೊತ್ತುಮಾಡಿದವರು ಅಜ್ಜಿ. ಅದೂ ಒಪ್ಪಂದ ಮುರಿದು.

ಮಧ್ಯಾಹ್ನವಾಗಿತ್ತು. ಚಿಕ್ಕಪ್ಪ ಒಂದು ಕೋಟಿನ ಕಾಲರು ತಿರುಗಿಸುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದೆ. ಒಳಗಿನಿಂದ ಟಿಣ್ ಟಿಣ್ ಎಂದು ಸದ್ದು ಬರುತ್ತಲೇ ಇತ್ತು, ಎಂದಿಗಿಂತ ಚುರುಕಾಗಿ. ಇವತ್ತು ಕೈ ಚೆನ್ನಾಗಿ ಓಡುತ್ತಿದೆ ಎಂದು ಚಿಕ್ಕಪ್ಪ ಸಂತೋಷದಿಂದ ನನ್ನ ಕಡೆ ಹುಬ್ಬು ಹಾರಿಸಿದರು. ಅಜ್ಜಿಗೆ ತಮ್ಮ ಹಳೆಯ ಶಾಲು ಬೇಕಿತ್ತು, ಅದು ಆ ಕೋಣೆಯ ಥಾನುಗಳ ನಡುವೆ ಇತ್ತು. ಸದ್ದು ಬರುತ್ತಿದೆಯಲ್ಲ ಎಂದು ನಾವು ಬೇಡವೆನ್ನುತ್ತಿದ್ದಂತೆಯೇ, ನನ್ನ ಮನೆಯಲ್ಲಿ ನನ್ನ ಶಾಲಿಗೆ ಅಪ್ಪಣೆ ಬೇಕೇ ಎಂದು ಬಾಗಿಲು ತಳ್ಳಿದರು.

ಅವರು ಕೂಗಲಿಲ್ಲ. ಬಾಗಿಲಲ್ಲೇ ನಿಂತು, ಹಿಂದಕ್ಕೆ ಕೈ ಚಾಚಿ ಮಗನನ್ನು ಕರೆದರು.

ಚಿಕ್ಕಮ್ಮ ಮೇಜಿನ ಮುಂದೆ ನಿಂತಿದ್ದಳು. ಕಣ್ಣು ತೆರೆದಿತ್ತು. ತುಟಿ ಆಡುತ್ತಿತ್ತು. ಕೈ ಲೋಟಕ್ಕೆ ಹೋಗಿ ಕುಂಚವನ್ನು ಅದ್ದುತ್ತಿತ್ತು, ಅಂಚಿಗೆ ತಟ್ಟುತ್ತಿತ್ತು, ಕಾಗದಕ್ಕೆ ಬಂದು ಎಳೆಯುತ್ತಿತ್ತು, ಮತ್ತೆ ಲೋಟಕ್ಕೆ ಹೋಗುತ್ತಿತ್ತು. ಲೋಟ ಮೇಜಿನ ಮೇಲೆ ಓರೆಯಾಗಿ ಉರುಳಿತ್ತು. ಒಳಗೆ ಹನಿ ನೀರಿರಲಿಲ್ಲ. ಒಣ ಕುಂಚ ಕಾಗದದ ಮೇಲೆ ಕರಕರ ಎನ್ನುತ್ತಿತ್ತು. ನಾವು ಮೂವರು ಬಾಗಿಲಲ್ಲಿ ನಿಂತಿದ್ದೆವು, ಅವಳು ಒಂದು ಸಲ ನಮ್ಮ ಕಡೆ ತಿರುಗಿದಳು, ನೋಡಿದಳು, ಮತ್ತೆ ಕೆಲಸಕ್ಕೆ ಹೋದಳು. ಗಿರಾಕಿ ಅಲ್ಲದವರನ್ನು ಅಂಗಡಿಯವರು ನೋಡುವ ಹಾಗೆ.

ಚಿಕ್ಕಪ್ಪ ಹೋಗಿ ಆ ಕೈಯನ್ನು ಹಿಡಿದುಕೊಂಡರು. ಅದು ಅವರ ಮುಷ್ಟಿಯೊಳಗೂ ಸ್ವಲ್ಪ ಹೊತ್ತು ಎಳೆಯುತ್ತಲೇ ಇತ್ತು.

"ನನ್ನ ಸೊಸೆ ಅಲ್ಲ ಅವಳು," ಎಂದು ಅಜ್ಜಿ ಆ ಸಂಜೆ ಅಡುಗೆಮನೆಯಲ್ಲಿ ನನಗೆ ಹೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ನಾವು ಇಷ್ಟು ವರ್ಷ ನಂಬಿದ್ದ ಸದ್ದೇ ಅದಾಗಿತ್ತು. ಚಿಕ್ಕಪ್ಪ ನೆಮ್ಮದಿಯಿಂದ ಹೊಲಿದ ಎಷ್ಟು ಮಧ್ಯಾಹ್ನಗಳಲ್ಲಿ ಒಳಗೆ ಚಿಕ್ಕಮ್ಮ ಇದ್ದಳು, ಎಷ್ಟರಲ್ಲಿ ಇರಲಿಲ್ಲ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಚಿಕ್ಕಪ್ಪ ತಿರುಪುಳಿ ತಂದು, ಕೀಲುಗಳನ್ನು ಬಿಚ್ಚಿ, ಬಾಗಿಲನ್ನೇ ತೆಗೆದು ನಡುಮನೆಯ ಗೋಡೆಗೆ ಒರಗಿಸಿದರು. ಎಲ್ಲಿಗೂ ತೆರೆಯದ ಬಾಗಿಲೊಂದು ಮನೆಯ ನಡುವೆ ನಿಂತುಕೊಂಡಿತು. ಕತ್ತಲಾದ ಮೇಲೆ ಅದರ ಮುಂದೆ ಹಾಯುವಾಗ ಅಜ್ಜಿ ಬಿರಬಿರನೆ ನಡೆಯುತ್ತಿದ್ದರು. ನಾನೂ.

ಚಿಕ್ಕಮ್ಮ ಕುಂಚ ಮುಟ್ಟಲಿಲ್ಲ. ಹಳೆಯ ಚಿತ್ರಗಳನ್ನು ನೆಲದ ಮೇಲೆ ಹರವಿ, ತಿರುಗಿದ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೂತಿರುತ್ತಿದ್ದಳು. ಡಾಕ್ಟರಮ್ಮನ ಬಳಿ ಹೋದಾಗ ನಾನೂ ಜೊತೆಗಿದ್ದೆ. ಅವರು ಸಮಾಧಾನದ ಹೆಂಗಸು. ಇಂಥದ್ದು ಆಗುವುದುಂಟು, ಮಾಡುತ್ತಿದ್ದ ಕೆಲಸವನ್ನೇ ಕೈ ಮುಂದುವರಿಸುವುದುಂಟು ಎಂದರು. ಮಾತ್ರೆ ಬದಲಿಸಿ ಪ್ರಮಾಣ ಹೆಚ್ಚಿಸಿದರೆ ಬಹುಪಾಲು ನಿಂತುಹೋಗುತ್ತದೆ, ಹೆಚ್ಚಿಸದಿದ್ದರೆ ಇಸ್ತ್ರಿಪೆಟ್ಟಿಗೆಯಂಥದ್ದು ಮತ್ತೆ ಆಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು ಎಂದರು. ಚೀಟಿ ಬರೆದು ಕೊಟ್ಟರು. ಚಿಕ್ಕಪ್ಪ ಅಲ್ಲಿಂದ ನೇರವಾಗಿ ಮದ್ದಿನಂಗಡಿಗೆ ಹೋಗಿ ಮಾತ್ರೆ ತಂದು ಕಪಾಟಿನಲ್ಲಿಟ್ಟರು. ಚಿಕ್ಕಮ್ಮ ಹಳೆಯದನ್ನೇ ನುಂಗುತ್ತಾ ಹೋದಳು.

ಒಂದು ವಾರ ಸಹಿಸಿಕೊಂಡು ಚಿಕ್ಕಪ್ಪ ಕೇಳಿದರು. ಅವಳು ಉತ್ತರವನ್ನು ಮೊದಲೇ ಕತ್ತರಿಸಿಟ್ಟುಕೊಂಡಿದ್ದಳು.

"ಆ ಗೆರೆ ನನ್ನದೇ ಆಗಿದ್ರೆ ಮಾತ್ರೆಗೆ ಹೆದರೋದು ಏನಿದೆ, ಇವತ್ತೇ ನುಂಗ್ತೀನಿ. ಅವಳದಾಗಿದ್ರೆ, ಮಾತ್ರೆ ನುಂಗಿದ ದಿನ ಅದೂ ಹೋಗುತ್ತೆ. ಆಮೇಲೆ ನಾನು ಆ ಕೋಣೆಯಲ್ಲಿ ನಿಂತು ಏನು ಮಾಡ್ಲಿ?"

"ಅವಳು ಅಂದ್ರೆ ಯಾರೇ? ಎಲ್ಲಾ ನೀನೇ."

"ನಾನಿದ್ದಾಗ ನೀವು ನೋಡಿದ್ದೀರಿ, ನಾನಿಲ್ದಾಗ್ಲೂ ನೀವೇ ನೋಡಿದ್ದೀರಿ. ನನಗೆ ಅವಳ ಪರಿಚಯ ಇಲ್ಲ. ನೀವು ಒಳಗೆ ಬಂದು ಕೂತ್ಕೊಳ್ಳಿ. ನಾನು ಹೋದಾಗ ಕೈ ಹಿಡೀಬೇಡಿ. ಆ ಗೆರೆ ತಿರುಗೋದು ನಾನು ಹೋಗೋ ಮುಂಚೆಯೋ, ಹೋದ ಮೇಲೋ, ಅಷ್ಟು ನೋಡಿ ಹೇಳಿ."

ಅಂದರೆ, ತನ್ನ ಬೆನ್ನ ಹಿಂದೆ ಯಾರಿದ್ದರೂ ಗೆರೆ ಸಾಯುತ್ತದೆ ಅನ್ನುತ್ತಿದ್ದವಳು ಅವರನ್ನು ತಾನೇ ಒಳಗೆ ಕರೆದಳು. ಚಿಕ್ಕಪ್ಪನಿಗೆ ಅದು ಗೊತ್ತಾಯಿತು. ತಾನು ಏನು ಹೇಳಿದರೆ ಅವಳು ಮಾತ್ರೆ ನುಂಗುತ್ತಾಳೆ ಎಂಬುದೂ ಗೊತ್ತಾಯಿತು. ಹೋಗುವ ಮುಂಚೆ ಎಂದುಬಿಡು, ಒಂದು ಮಾತು ತಾನೇ ಎಂದು ಅಜ್ಜಿ ಬೇರೆ ಕಿವಿಯೂದಿದರು.

ಅಂದಿನಿಂದ ಚಿಕ್ಕಪ್ಪ ಮಧ್ಯಾಹ್ನದ ಹೊತ್ತು ಯಂತ್ರಕ್ಕೆ ಬಟ್ಟೆ ಮುಚ್ಚಿ, ಒಂದು ಸ್ಟೂಲು ತೆಗೆದುಕೊಂಡು ಆ ಕೋಣೆಗೆ ಹೋಗುತ್ತಿದ್ದರು. ಬಾಗಿಲಿಲ್ಲದ ಚೌಕಟ್ಟಿನಿಂದ ಇಬ್ಬರೂ ಕಾಣುತ್ತಿದ್ದರು. ಅವಳ ಗೆರೆಗಳು ಕೆಟ್ಟವು. ಅಳತೆ ತಪ್ಪಿ, ಮಧ್ಯೆ ತಡವರಿಸಿ, ಒದ್ದೆ ಬಣ್ಣದಲ್ಲಿ ಕರಗಿದವು. ಅವಳು ಕಾಗದ ತಿರುವಿ ಹಾಕಿ ಇನ್ನೊಂದು ಬದಿಯಲ್ಲಿ ಮತ್ತೆ ಶುರುಮಾಡುತ್ತಿದ್ದಳು. ಅವರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಶಾಲೆಯ ಹೊರಗೆ ಕಾಯುವ ತಂದೆಯಂತೆ ಕೂತಿರುತ್ತಿದ್ದರು. ಯಾವುದು ಬಾರದಿರಲಿ ಎಂದು ಮನೆಯವರೆಲ್ಲ ವರ್ಷಗಟ್ಟಲೆ ಬೇಡಿಕೊಂಡಿದ್ದೆವೋ ಅದಕ್ಕೇ ಈಗ ಕೂತು ಕಾಯುತ್ತಿದ್ದೆವು. ಕಾಯುವುದೆಂದರೆ ಕರೆದಂತೆಯೇ ಅಲ್ಲವೇ ಎಂದು ನನಗೆ ಭಯವಾಗುತ್ತಿತ್ತು.

ಅದು ಬಂದ ದಿನ ಮೋಡವಿತ್ತು. ನಾನು ನಡುಮನೆಯಲ್ಲಿ ಓದುತ್ತಾ ಕೂತಿದ್ದೆ. ಚಿಕ್ಕಮ್ಮ ಹಳದಿ ಬಳಿದಿದ್ದಳು, ಅದರ ಮೇಲೆ ಬೂದು, ಮತ್ತೆ ಹಳದಿ. ಗೆರೆ ಹಾಕಲು ಕುಂಚ ಎತ್ತಿದವಳು, "ಬಂತು" ಅಂದಳು. ಬಣ್ಣವನ್ನು ಕಂಡಿರಬೇಕು. ಅವಳ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಬಸ್ಸು ಬಂತು ಅನ್ನುವ ಹಾಗೆ ಹೇಳಿ, ಎಡ ಅಂಚಿನಲ್ಲಿ ಕುಂಚವಿಟ್ಟಳು.

ಮುಂದಿನದನ್ನು ನಾನು ಅವರಿಬ್ಬರ ಬೆನ್ನ ಹಿಂದಿನಿಂದ ಕಂಡೆ, ಹಾಗಾಗಿ ಕಾಗದ ನನಗೆ ಕಾಣಲಿಲ್ಲ. ಅವಳ ಭುಜ ನಿಧಾನವಾಗಿ ಬಲಕ್ಕೆ ಸರಿಯಿತು. ಚಿಕ್ಕಪ್ಪ ಸ್ಟೂಲಿನಿಂದ ಎದ್ದು ಮೇಜಿನ ಪಕ್ಕಕ್ಕೆ ಹೋದರು. ಅವರ ಎರಡೂ ಕೈ ಹಿಡಿಯಲು ಮುಂದೆ ಬಂದವು, ಆಮೇಲೆ ತಾವಾಗಿಯೇ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಕುಂಚ ಕಾಗದ ಕೆರೆಯುವ ಸದ್ದು ಬಂತು. ನಿಂತಿತು. ಬಂತು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಹಿಟ್ಟಿನ ಕೈಯಲ್ಲೇ ನಿಂತಿದ್ದರು.

ಅವಳು ಬೀಳಲಿಲ್ಲ. ಕುಂಚ ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ನಿದ್ದೆಯಿಂದೆದ್ದವಳಂತೆ ಸುತ್ತ ನೋಡಿದಳು. ಚಿಕ್ಕಪ್ಪ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಅವಳ ಕಣ್ಣು ಕಾಗದದ ಮೇಲೆ ಹೋಯಿತು. ಗೆರೆ ಅಲ್ಲಿತ್ತು. ನೆಟ್ಟಗೆ ಬಂದು, ಬಲಗಡೆ ತಿರುಗಿ, ನಡುಗಿ, ಇಲ್ಲವಾಗಿತ್ತು.

"ಹೇಳಿ," ಅಂದಳು. "ಮುಂಚೆಯಾ, ಆಮೇಲಾ?"

ಚಿಕ್ಕಪ್ಪ ಬಾಯಿ ತೆರೆದರು. ಅಜ್ಜಿ ದೂರದಿಂದಲೇ ಹೇಳು ಹೇಳು ಎಂಬಂತೆ ಗಲ್ಲ ಎತ್ತಿದರು.

"ಕೈ ನೋಡ್ಲಿಲ್ಲ ನಾನು," ಎಂದರು ಚಿಕ್ಕಪ್ಪ. "ಮುಖ ನೋಡ್ತಿದ್ದೆ."

"ಕೈ ನೋಡಿ ಅಂತ ತಾನೇ ಹೇಳಿದ್ದು ನಿಮಗೆ?"

"ನೀನು ಹೇಳಿದ್ದೆ. ಆಗ್ಲಿಲ್ಲ. ಬಿದ್ದುಬಿಡ್ತೀಯ ಅಂತ ಮುಖ ನೋಡ್ತಾನೇ ಇದ್ದೆ. ಎಲ್ಲಿ ತಿರುಗ್ತೋ ಗೊತ್ತಿಲ್ಲ."

ಇಷ್ಟು ದಿನ ಕಾಯ್ದದ್ದು, ಬಾಗಿಲಿಲ್ಲದೆ ಬರೆದದ್ದು ಎಲ್ಲ ಆ ಒಂದು ಮಾತಿನಲ್ಲಿ ಮುಗಿಯಿತು. ಚಿಕ್ಕಮ್ಮ ರೇಗುತ್ತಾಳೆ ಎಂದುಕೊಂಡೆ. ರೇಗಲಿಲ್ಲ. ಅವರನ್ನು ನೋಡುತ್ತಾ ಕೂತಳು, ಬಟ್ಟೆಯ ತುಂಡನ್ನು ಬಿಸಿಲಿಗೆ ಹಿಡಿದವಳ ಹಾಗೆ. ಆಮೇಲೆ, ಆ ಮುಖ ಹೇಗಿತ್ತು ಎಂದು ಕೇಳಿದಳು. ಅದನ್ನು ಅವಳು ಮದುವೆಯಾದಂದಿನಿಂದ ಒಮ್ಮೆಯೂ ಕೇಳಿರಲಿಲ್ಲವಂತೆ.

ಚಿಕ್ಕಪ್ಪ ಯೋಚಿಸಿದರು.

"ಪಕ್ಕದ ಕೋಣೇಲಿ ಯಾರೋ ಮಾತಾಡ್ತಿದ್ರೆ ಕಿವಿಗೊಡ್ತೀಯಲ್ಲಾ, ಹಾಗೆ. ನಾನು ಎದುರಿಗೇ ಇದ್ದೆ. ನೀನು ನನ್ನನ್ನ ಬಿಟ್ಟು ಬೇರೇನೋ ಕೇಳಿಸ್ಕೊಳ್ತಿದ್ದೆ."

"ಪ್ರತಿ ಸಲಾನೂ ಹೀಗೇನಾ?"

"ಪ್ರತಿ ಸಲಾನೂ."

ಅವಳು ಅವರ ಕೈ ಹಿಡಿದುಕೊಂಡಳು. ಆ ಕೈಗಳ ಮೇಲೆ ಅವರದೇ ಉಗುರು ಒತ್ತಿದ ಗುರುತುಗಳಿದ್ದವು. ಅವನ್ನು ಒಂದೊಂದಾಗಿ ನೋಡಿದಳು. ಹೊರಗೆ ಗಿರಾಕಿ ಯಾರೋ ಬಂದು ಕರೆದರು, ಯಾರೂ ಹೋಗಲಿಲ್ಲ, ಅವರು ಹೊರಟುಹೋದರು. ಆ ರಾತ್ರಿ ಊಟವಾದ ಮೇಲೆ ಕಪಾಟಿನಿಂದ ಹೊಸ ಮಾತ್ರೆ ತೆಗೆದು ನುಂಗಿದಳು.

ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಹೋಗುವುದು ಮೊದಲು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಅವಳ ನಡೆ, ಮಾತು ಎರಡೂ ತುಸು ನಿಧಾನವಾದವು. ಚಿಕ್ಕಪ್ಪ ಬಾಗಿಲನ್ನು ಮತ್ತೆ ಕೀಲಿಗೆ ಕೂರಿಸಿದರು. ಈಗ ಅವಳು ಅದನ್ನು ಮುಚ್ಚಿಕೊಂಡು ಎಷ್ಟು ಹೊತ್ತು ಬೇಕಾದರೂ ಇರಬಹುದಿತ್ತು. ಬರೆಯುತ್ತಲೂ ಇದ್ದಳು. ಬಣ್ಣಗಳು ಇನ್ನೂ ತೆಳುವಾದವು. ಗೆರೆಗಳು ಮಾತ್ರ ಬಲಗಡೆಯ ಅಂಚಿನವರೆಗೆ ಹೋಗುವುದನ್ನು ಬಿಟ್ಟವು. ಎಲ್ಲ ಗೆರೆಗಳೂ ಒಂದೇ ಕಡೆ, ಯಾರೋ ಅಡ್ಡ ಬಂದಂತೆ ನಿಂತುಬಿಡುತ್ತಿದ್ದವು. ಅಲ್ಲಿಂದಾಚೆ ಒಂದು ಅಂಗೈ ಅಗಲದಷ್ಟು ಕಾಗದಕ್ಕೆ ಬಣ್ಣವೂ ಇರುತ್ತಿರಲಿಲ್ಲ.

ಚೌಕಟ್ಟು ಹಾಕುವವನಿಗೆ ಇದು ಸಮಸ್ಯೆಯಾಯಿತು. ಒಂದು ದಿನ ಅವನೇ ಮನೆಗೆ ಬಂದು, ಮುಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ, ಆ ಬರಿಯ ಭಾಗವನ್ನು ಕತ್ತರಿಸಿ ಕಟ್ಟು ಹಾಕಲೇ ಎಂದು ವಿಚಾರಿಸಿದ. ಗಿರಾಕಿಗಳು ಚಿತ್ರ ಮುಗಿದಿಲ್ಲ ಎನ್ನುತ್ತಾರಂತೆ.

ಚಿಕ್ಕಪ್ಪ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಚಿಕ್ಕಮ್ಮ ಉತ್ತರ ಕೊಡುವ ಮೊದಲೇ, ತಲೆಯೆತ್ತದೆ, ಬೇಡ ಅಂದರು.

"ಬಿಡಪ್ಪ, ಹಾಗೇ ಇರ್ಲಿ. ಅವಳಿಗೆ ಅಷ್ಟು ಜಾಗ ಬೇಕು."